ಅಪ್ಪನ ಕಾರಿನ ಬಲಗಡೆ ಇಂಡಿಕೇಟರು

ಉದ್ದ ಇದೆ. ಬಿಡುವಿದ್ದಾಗ ಓದಿ. ಹಳೇ ಅಂಬಾಸಿಡರ್ ಇಟ್ಕೊಂಡಿರೋ ಗೆಳೆಯರು ಯಾರಾದ್ರೂ ಇದ್ದರೆ ಅವರಿಗೆ ಕೆಲಸಕ್ಕೂ ಬರಬಹುದು.

ಹೋದ ತಿಂಗಳು ಕೋರ್ಟಿನಿಂದ ವಾಪಸ್ ಬರುವಾಗ ನಾವು ನಾಲ್ಕು ಜನ ಸಾಯಬೇಕಿತ್ತು. ಚಾಮರಾಜನಗರ ಬಿಟ್ಟಾಗಲೇ ಕತ್ತಲಾಗಿತ್ತು. ಸ್ಟೇರಿಂಗ್ ಹಿಡಿದಿದ್ದವನು ನಾನು. ಪಕ್ಕದಲ್ಲಿ ನಮ್ಮ ಸಂಘಟನೆಯ ಹುಡುಗ, ಹಿಂದಿನ ಸೀಟಿನಲ್ಲಿ ಒಬ್ಬ ಅವ್ವ ಮತ್ತು ಅವಳ ಮೊಮ್ಮಗ. ಹೆದ್ದಾರಿಯಿಂದ ಅವರ ಊರಿನ ರಸ್ತೆಗೆ ಬಲಕ್ಕೆ ತಿರುಗಬೇಕು. ಇಂಡಿಕೇಟರ್ ಹಾಕಿದೆ, ಬ್ರೇಕ್ ಒತ್ತಿದೆ, ಎದುರುಗಡೆ ಯಾವ ಗಾಡಿಯೂ ಇಲ್ಲ ಅಂತ ನೋಡಿ ತಿರುಗಿಸಿದೆ. ಅಷ್ಟರಲ್ಲಿ ಹಿಂದಿದ್ದ ಲಾರಿ ನಮ್ಮ ಬಲಕ್ಕೇ ಓವರ್‌ಟೇಕ್ ಮಾಡೋಕೆ ಬಂದುಬಿಟ್ಟಿತು. ಟೈರು ಕಿರುಚಿದ್ದು ಕೇಳಿಸಿತು, ನನ್ನ ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಬೆಳಕು ಬಂದು ನಿಂತಿತು. ಒಂದು ಗೇಣೋ ಎರಡು ಗೇಣೋ ಅಷ್ಟೇ ಜಾಗ.

ಲಾರಿಯವನು ಇಳಿದುಬಂದ. "ಇಂಡಿಕೇಟ್ರು ಹಾಕಕ್ಕೇನು ರೋಗ ನಿಂಗೆ?" ಅಂದ. ನಾನೂ ಇಳಿದೆ. "ಹಾಕಿದ್ದೆ ಕಣಯ್ಯ, ಕಣ್ಣು ಕಾಣಲ್ವಾ?" ಅಂದೆ. ಇಬ್ಬರೂ ಕಾರಿನ ಹಿಂದಕ್ಕೆ ಹೋಗಿ ನೋಡಿದೆವು. ಬಲಗಡೆ ಹಳದಿ ದೀಪ ಹತ್ತುತ್ತಿತ್ತು, ಆರುತ್ತಿತ್ತು. "ನೋಡು" ಅಂದೆ. ಅವನು ಒಂದು ಕ್ಷಣ ಸುಮ್ಮನಾಗಿ, "ಆಗ ಹತ್ತಿರಲಿಲ್ಲ ಸಾರ್, ನನ್ನ ಮಕ್ಕಳಾಣೆ" ಅಂದ. ಕುಡಿದಿದ್ದಾನೆ ಅಂದುಕೊಂಡೆ. ಅವನ ಬಾಯಿ ವಾಸನೆಯನ್ನೂ ನೋಡಿದೆ, ನಾಚಿಕೆಯಾಗುತ್ತೆ ಹೇಳಿಕೊಳ್ಳೋಕೆ. ಕುಡಿದಿರಲಿಲ್ಲ.

ಕಾರಿಗೆ ಬಂದು ಕೂತು ಬೈಯುತ್ತಿದ್ದೆ. ಹಿಂದಿನಿಂದ ಅವ್ವ ಅಂದಳು: "ಅಂವ ಸುಳ್ ಹೇಳ್ತಿಲ್ಲ ಕಣ್ ಕೂಸು. ಕಂಡದ್ದ ಹೇಳ್ತಾವ್ನ."

ಅವತ್ತು ಇಡೀ ದಿನ ಆ ಅವ್ವ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದಳು. ಕೇಸು ನಡೀತಿದೆ, ಅದರ ಒಳಗೆ ನಾನು ಹೋಗಲ್ಲ, ಊರಿನ ಹೆಸರೂ ಹೇಳಲ್ಲ. ಅಟ್ರಾಸಿಟಿ ಕೇಸು ಅಂದರೆ ಸಾಕು. ಅವಳ ಪಾಟೀಸವಾಲಿನಲ್ಲಿ ಆ ಕಡೆಯ ವಕೀಲರು ಹಿಡಿದುಕೊಂಡಿದ್ದು ಒಂದೇ ಮಾತು. ರಾತ್ರಿ ಎಷ್ಟು ಹೊತ್ತಾಗಿತ್ತು, ಬೀದಿದೀಪ ಎಷ್ಟು ದೂರದಲ್ಲಿತ್ತು, ನಿಮ್ಮ ಕಣ್ಣಿಗೆ ಪೊರೆ ಇದೆಯಾ, ಹಾಗಾದರೆ ನೀವು ನೋಡಿದ್ದು ಅಂತ ಹೇಳೋದು ಸುಳ್ಳು ಅಲ್ಲವಾ? ಸುಳ್ಳು ಅಲ್ಲ ಅಂತ ಅವಳು ಎಷ್ಟು ಸಲ ಹೇಳಿದಳೋ ನಾನು ಎಣಿಸಲಿಲ್ಲ. ಸಂಜೆಯಾದ್ದರಿಂದ ಉಳಿದ ಪಾಟೀಸವಾಲು ಮುಂದಿನ ತಾರೀಕಿಗೆ ಹೋಯಿತು. ಅವಳನ್ನು ಮತ್ತೆ ನಾನೇ ಕರೆದುಕೊಂಡು ಹೋಗಬೇಕು, ಇದೇ ಕಾರಿನಲ್ಲಿ, ಇದೇ ತಿರುವಿನಲ್ಲಿ ವಾಪಸ್ ಕರೆತರಬೇಕು. ಬಸ್ಸಿನಲ್ಲಿ ಯಾಕೆ ಹೋಗಬಾರದು ಅಂತ ಕೇಳೋರಿಗೆ ಹೇಳ್ತೀನಿ: ಬಸ್ ಸ್ಟಾಪ್ ಇರೋದು ಆರೋಪಿಗಳ ಅಂಗಡಿ ಮುಂದೆ. ಸಾಕ್ಷಿಗಳ ಓಡಾಟದ ಖರ್ಚನ್ನು ಸರ್ಕಾರ ಕೊಡಬೇಕು ಅಂತ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಇದೆ, 2015ರ ತಿದ್ದುಪಡಿಯಲ್ಲಿ ಸೇರಿಸಿದ 15ಎ ಕಲಂ ಓದಿ ನೋಡಿ. ಆದರೆ ಖರ್ಚು ಬೇರೆ, ಜೊತೆಗೆ ಹೋಗೋ ಜನ ಬೇರೆ.

ಆದ್ದರಿಂದ ಮುಂದಿನ ತಾರೀಕಿನೊಳಗೆ ಇಂಡಿಕೇಟರ್ ಸರಿಯಾಗಲೇಬೇಕಿತ್ತು.

ಬೆಳಿಗ್ಗೆ ಎದ್ದು ನೋಡಿದೆ. ಎಡ ಹಾಕಿದೆ, ಹತ್ತಿತು. ಬಲ ಹಾಕಿದೆ, ಹತ್ತಿತು. ಇಳಿದು ಹಿಂದೆ ಹೋಗಿ ನೋಡಿದೆ, ಮುಂದೆ ಬಂದು ನೋಡಿದೆ. ನಾಲ್ಕೂ ದೀಪ ಸರಿ. ಲಾರಿಯವನದೇ ತಪ್ಪು ಅಂತ ಒಂದು ಕಾಫಿ ಕುಡಿಯುವಷ್ಟು ಹೊತ್ತು ನಂಬಿದ್ದೆ. ಆದರೆ ಅವ್ವನ ಮಾತು ಬಿಡಲಿಲ್ಲ.

ಈ ಕಾರಿನ ವಿಷಯ ಸ್ವಲ್ಪ ಹೇಳಬೇಕು. 1991ರ ಮಾಡೆಲ್ ನೋವಾ, ಡೀಸೆಲ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಕಾರು. ಐವತ್ತರ ದಶಕದ ಕೊನೆಯಲ್ಲಿ ಶುರುವಾಗಿ 2014ರಲ್ಲಿ ನಿಂತುಹೋಯಿತು. ಬಿಳಿ ಬಣ್ಣ, ಕೆಂಪು ದೀಪ, ಹಿಂದಿನ ಸೀಟಿಗೆ ಬಿಳಿ ಟವೆಲು: ಸರ್ಕಾರ ಅಂದರೆ ಏನು ಅಂತ ನಮ್ಮ ಕೇರಿಯ ಮಕ್ಕಳಿಗೆ ಗೊತ್ತಾಗಿದ್ದೇ ಈ ಕಾರಿನಿಂದ. ನಮ್ಮಪ್ಪ ಒಂದು ಇಲಾಖೆಯಲ್ಲಿ ಡ್ರೈವರ್ ಆಗಿದ್ದರು. ಈ ಕಾರು ಇಲಾಖೆಗೆ ಹೊಸದಾಗಿ ಬಂದಾಗ ಅದರ ಪ್ಲಾಸ್ಟಿಕ್ ಹೊದಿಕೆ ಕಿತ್ತವರು ಅವರೇ. ಹದಿನೈದು ವರ್ಷ ಓಡಿಸಿದರು. 2006ರಲ್ಲಿ ಕಾರನ್ನು ಕಂಡಮ್ ಮಾಡಿ ಹರಾಜಿಗಿಟ್ಟರು. ಅದೇ ವರ್ಷ ಅಪ್ಪನೂ ರಿಟೈರ್ ಆದರು. ಬಂದ ದುಡ್ಡಿನಲ್ಲಿ 31 ಸಾವಿರ ಕೊಟ್ಟು ಅಪ್ಪ ಅದನ್ನು ಹರಾಜಿನಲ್ಲಿ ಕೂಗಿದರು. ಅವ್ವ ಒಂದು ವಾರ ಮಾತು ಬಿಟ್ಟಿದ್ದಳು. ಸಾಹೇಬರು ಕೂರುತ್ತಿದ್ದ ಕಾರನ್ನು ಡ್ರೈವರ್ ತಗೊಂಡ ಅಂತ ಆಫೀಸಿನಲ್ಲಿ ನಕ್ಕರಂತೆ. ಅಪ್ಪ ಮೊದಲ ದಿನ ಮನೆಗೆ ತಂದವರೇ ಹಿಂದಿನ ಸೀಟಿನಲ್ಲಿ ಹೋಗಿ ಸುಮ್ಮನೆ ಕೂತರು. ಹತ್ತು ನಿಮಿಷ ಕೂತು, "ಹಿಂದ್ಗಡೆ ಸ್ಪ್ರಿಂಗು ಚೆನ್ನಾಗದ" ಅಂದು ಇಳಿದರು. ಆಮೇಲೆ ಸಾಯೋವರೆಗೂ ಆ ಸೀಟಿನಲ್ಲಿ ಕೂತದ್ದು ನಾನು ನೋಡಿಲ್ಲ.

ಅಂದಿನಿಂದ ಆ ಕಾರು ಜಾಥಾ, ಧರಣಿ, ಏಪ್ರಿಲ್ 14, ಡಿಸೆಂಬರ್ 6, ಪೋಸ್ಟ್‌ಮಾರ್ಟಂ ಅಂತ ಎಲ್ಲದಕ್ಕೂ ಓಡಿದೆ. ಒಂದು ಹೆರಿಗೆಯೂ ಅದರಲ್ಲೇ ಆಗಿದೆ.

ಇರಲಿ, ರಿಪೇರಿಗೆ ಬರೋಣ. ಮೊದಲು ಫ್ಯೂಸ್ ಬಿಚ್ಚಿ ಒರೆಸಿ ಹಾಕಿದೆ. ಎರಡನೇ ದಿನ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಕಾಂಟ್ಯಾಕ್ಟಿಗೆ ಸ್ಪ್ರೇ ಹೊಡೆದೆ. ಏನು ಸರಿಹೋಯಿತು ಅಂತ ಹೇಗೆ ಹೇಳೋದು, ಮೊದಲೂ ಹತ್ತುತ್ತಿತ್ತು, ಆಮೇಲೂ ಹತ್ತುತ್ತಿತ್ತು. ಹಗಲಿನಲ್ಲಿ ಇಲ್ಲದ ಕಾಯಿಲೆಗೆ ಹಗಲಿನಲ್ಲಿ ಔಷಧಿ ಮಾಡುತ್ತಿದ್ದೆ.

ಅಕ್ಕನ ಮಗ ಬಂದ. ಐಟಿಐ ಓದಿದವನು. "ಮಾವ, ಹಳೇ ಬಲ್ಬು ಮಂಕಾಗಿರುತ್ತೆ, ಎಲ್‌ಇಡಿ ಹಾಕು, ಮೈಲಿ ದೂರಕ್ಕೆ ಕಾಣುತ್ತೆ" ಅಂದ. ತರಿಸಿ ಹಾಕಿದೆವು. ಹಾಕಿದ ಮೇಲೆ ಇಂಡಿಕೇಟರ್ ಹತ್ತಿಕೊಂಡು ನಿಂತುಬಿಟ್ಟಿತು. ಹತ್ತಿದ್ದು ಆರುವುದೇ ಇಲ್ಲ. ಟಿಕ್ ಟಿಕ್ ಸದ್ದೂ ಇಲ್ಲ. ಹುಡುಗ ಮೊಬೈಲ್ ನೋಡಿ ನೋಡಿ ಕೊನೆಗೆ ಟೀ ಕುಡಿಯೋಕೆ ಹೋದ.

ಯಾಕೆ ಹಾಗಾಯಿತು ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು. ಡ್ಯಾಶ್‌ಬೋರ್ಡಿನ ಹಿಂದೆ ಬೆರಳುದ್ದದ ತಗಡಿನ ಡಬ್ಬಿ ಇರುತ್ತೆ, ಫ್ಲ್ಯಾಶರ್ ಅಂತಾರೆ. ಹಳೇ ಕಾಲದ ಫ್ಲ್ಯಾಶರ್ ಒಳಗೆ ಬುದ್ಧಿ ಏನಿಲ್ಲ, ಒಂದು ಲೋಹದ ಪಟ್ಟಿ ಇರುತ್ತೆ ಅಷ್ಟೇ. ದೀಪಕ್ಕೆ ಹೋಗೋ ಕರೆಂಟು ಅದರ ಮೂಲಕವೇ ಹೋಗಬೇಕು. ಹೋಗುವಾಗ ಪಟ್ಟಿ ಕಾಯುತ್ತೆ, ಕಾದರೆ ಬಾಗುತ್ತೆ, ಬಾಗಿದರೆ ಸಂಪರ್ಕ ತಪ್ಪುತ್ತೆ, ದೀಪ ಆರುತ್ತೆ. ತಣ್ಣಗಾದರೆ ಮತ್ತೆ ಸೇರುತ್ತೆ. ನಿಮಿಷಕ್ಕೆ 60ರಿಂದ 120 ಸಲ ಹೀಗೆ ಆಗಬೇಕು. ಇದು ನಡೆಯಬೇಕಾದರೆ ಪಟ್ಟಿ ಕಾಯುವಷ್ಟು ಕರೆಂಟು ಹರಿಯಲೇಬೇಕು. ಮುಂದೊಂದು, ಹಿಂದೊಂದು 21 ವ್ಯಾಟಿನ ಬಲ್ಬು ಇದ್ದರೆ 42 ವ್ಯಾಟ್, 12 ವೋಲ್ಟಿಗೆ ಮೂರೂವರೆ ಆಂಪಿಯರ್. ಎಲ್‌ಇಡಿ ಎಳೆಯೋದು ಅದರಲ್ಲಿ ಎಂಟನೇ ಒಂದು ಭಾಗವೂ ಇರಲ್ಲ. ಪಟ್ಟಿ ಕಾಯೋದೇ ಇಲ್ಲ, ಬಾಗೋದೇ ಇಲ್ಲ. ಎಲ್‌ಇಡಿ ಹಾಕಬೇಕು ಅಂದರೆ ಫ್ಲ್ಯಾಶರನ್ನೂ ಎಲೆಕ್ಟ್ರಾನಿಕ್ ಹಾಕಬೇಕು. ಹಳೇ ಗಾಡಿಯವರು ಈ ತಪ್ಪು ಮಾಡಬೇಡಿ.

ಎಲ್‌ಇಡಿ ಕಿತ್ತು ಮತ್ತೆ ಹಳೇ ಬಲ್ಬು ಹಾಕಿ ಹೆದ್ದಾರಿ ಬದಿಯ ಒಂದು ಗ್ಯಾರೇಜಿಗೆ ಹೋದೆ. ಯಾವುದು ಅಂತ ಹೇಳಲ್ಲ. ಗಾಜಿನ ಮೇಲಿದ್ದ ಬಾಬಾಸಾಹೇಬರ ಸ್ಟಿಕ್ಕರ್ ನೋಡಿದ, ನನ್ನನ್ನು ನೋಡಿದ, ನಾಳೆ ಬನ್ನಿ ಅಂದ. ನಾಳೆ ಹೋದರೆ ಗಾಡಿ ಬಿಟ್ಟುಹೋಗಿ ಅಂದ. ಎರಡು ದಿನ ಇಟ್ಟುಕೊಂಡು ಫ್ಲ್ಯಾಶರ್ ಬದಲಾಯಿಸಿ 850 ರೂಪಾಯಿ ತಗೊಂಡ. ರಾತ್ರಿ ಬ್ರೇಕ್ ಹಾಕಿದಾಗ ಬರ್ತಿಲ್ಲ ಅಂತ ಲಾರಿಯವನು ಹೇಳಿದ್ದನ್ನು ನಾನು ವಿವರಿಸೋಕೆ ಹೋದರೆ ಅರ್ಧಕ್ಕೇ ತಡೆದು, "ನೀವು ಹೇಳ್ಕೊಡಬೇಡಿ, ನಮಗೆ ಗೊತ್ತು" ಅಂದ. ಜಾತಿ ನೋಡಿ ಹಾಗಂದನಾ, ಸೋಮಾರಿತನಕ್ಕೆ ಅಂದನಾ ಗೊತ್ತಿಲ್ಲ. ಎಲ್ಲದಕ್ಕೂ ಜಾತಿ ತರ್ತೀರಿ ಅಂತ ಕೆಲವು ಸ್ನೇಹಿತರು ಕಮೆಂಟ್ ಹಾಕ್ತಾರೆ, ಅವರಿಗೋಸ್ಕರ ಈ ಸಲ ಸೋಮಾರಿತನ ಅಂತಲೇ ಬರ್ಕೊಳ್ಳಿ.

ಎರಡು ದಿನ ಬಿಟ್ಟು ಸಂಜೆ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗುವಾಗ ಹಿಂದಿದ್ದ ಆಟೋದವನು ಪಕ್ಕಕ್ಕೆ ಬಂದು, "ಅಣ್ಣೋ, ಇಂಡಿಕೇಟ್ರು ಮಡಿಕ್ಕಂಡಿರದು ಪೂಜೆಗಾ?" ಅಂದ.

ಎರಡನೇ ಸಾಕ್ಷಿ.

ಆಗ ಮೈಸೂರಿಗೆ ಹೋದೆ. ಮಂಡಿ ಮೊಹಲ್ಲಾದಲ್ಲಿ ಅಪ್ಪನ ಕಾಲದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅಪ್ಪ ಅವರನ್ನು ಭಾಯ್ ಅಂತಿದ್ದರು, ನಾನೂ ಹಾಗೇ ಅಂತೀನಿ. ಮೊದಲೇ ಅಲ್ಲಿಗೆ ಯಾಕೆ ಹೋಗಲಿಲ್ಲ ಅಂದರೆ ಸುಮಾರು 60 ಕಿಲೋಮೀಟರ್ ದೂರ. ಅಷ್ಟೇ ಅಲ್ಲ, ಅಪ್ಪ ಹೋದ ಮೇಲೆ ಅವರ ಮುಖ ನೋಡೋಕೆ ಹೋಗಿರಲಿಲ್ಲ, ಆ ಸಂಕೋಚವೂ ಇತ್ತು. ಸಾಹೇಬರ ಮನೆಯಲ್ಲಿ ಅಪ್ಪನ ಟೀ ಲೋಟ ಕಾಂಪೌಂಡ್ ಗೋಡೆಯ ಮೇಲೆ ಬೇರೆಯಾಗಿ ಇರುತ್ತಿತ್ತು. ಭಾಯ್ ಅಂಗಡಿಯಲ್ಲಿ ಇದ್ದದ್ದು ಎರಡೇ ಲೋಟ, ಯಾರಿಗೆ ಯಾವುದು ಅಂತ ಇರಲಿಲ್ಲ. ಅಪ್ಪ ಸಣ್ಣ ಕೆಲಸಕ್ಕೂ ಮೈಸೂರಿಗೇ ಹೋಗುತ್ತಿದ್ದುದಕ್ಕೆ ಅದೂ ಒಂದು ಕಾರಣ ಇರಬೇಕು.

ಭಾಯ್‌ಗೆ ಈಗ ವಯಸ್ಸಾಗಿದೆ. ಕೂತಲ್ಲಿಂದಲೇ ಕೇಳಿದರು: "ಬ್ರೇಕ್ ಒತ್ತಿ, ಹೆಡ್‌ಲೈಟ್ ಹಾಕಿ, ಆಮೇಲೆ ಇಂಡಿಕೇಟರ್ ಹಾಕಿ ನೋಡಿದ್ರಾ?"

ಇಲ್ಲ. ಹೇಗೆ ನೋಡಲಿ? ನಾನು ಒಬ್ಬನೇ. ಬ್ರೇಕ್ ಮೇಲೆ ಕಾಲಿಟ್ಟರೆ ಹಿಂದೆ ಹೋಗಿ ನೋಡೋರು ಯಾರು? ಬ್ರೇಕ್ ಬಿಟ್ಟು ಇಳಿದರೆ ಕಾಯಿಲೆ ವಾಸಿ.

ಅವರ ಹುಡುಗ ಹಿಂದೆ ನಿಂತ. ನಾನು ಒಳಗೆ ಕೂತು ಮೊದಲು ಇಂಡಿಕೇಟರ್ ಹಾಕಿದೆ. ಹುಡುಗ ಕೂಗಿದ, ಹತ್ತಿ ಆರ್ತಿದೆ. ಹೆಡ್‌ಲೈಟ್ ಹಾಕಿದೆ. ಮಂಕಾಯ್ತು ಅಂದ. ಬ್ರೇಕ್ ಒತ್ತಿದೆ. "ನಿಂತೋಯ್ತು! ಕೆಂಪು ಹಳದಿ ಎಲ್ಲಾ ಒಟ್ಟಿಗೆ ಮಿಣಮಿಣ ಅಂತಿದೆ" ಅಂದ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಸುಮ್ಮನೆ ಉರಿಯುತ್ತಿತ್ತು. ಇದು ಇಷ್ಟು ದಿನ ನನ್ನ ಕಣ್ಣ ಮುಂದೆಯೇ ಇತ್ತು. ಉರೀತಿದೆ ಅಂದರೆ ಕೆಲಸ ಮಾಡ್ತಿದೆ ಅಂದುಕೊಂಡಿದ್ದೆ. ಡೀಸೆಲ್ ಎಂಜಿನ್ನಿನ ಗಲಾಟೆಯಲ್ಲಿ ಟಿಕ್ ಟಿಕ್ ನಿಂತಿದ್ದು ಕೇಳಿಸಿರಲಿಲ್ಲ.

ಬ್ರೇಕಿನಿಂದ ಕಾಲು ತೆಗೆದೆ. ಸರಿಹೋಯಿತು. ಒತ್ತಿದೆ. ಕೆಟ್ಟಿತು. ನಿಂತಿರುವಾಗ ಹತ್ತಿ ಆರುತ್ತೆ, ತಿರುಗುವಾಗ, ಅಂದರೆ ಬೇಕಾದ ಹೊತ್ತಿನಲ್ಲಿ, ಇಲ್ಲ. ಲಾರಿಯವನೂ ನಿಜ ಹೇಳಿದ್ದ, ನಾನೂ ನಿಜ ಹೇಳಿದ್ದೆ.

ನನಗೆ ಸ್ಥಳ ಪರಿಶೀಲನೆಗಳು ನೆನಪಾದವು. ಎಷ್ಟು ಊರುಗಳಿಗೆ ಹೋಗಿದ್ದೀನಿ. ಅಧಿಕಾರಿಗಳು ಹಗಲು ಹನ್ನೊಂದು ಗಂಟೆಗೆ ಜೀಪಿನಲ್ಲಿ ಬರ್ತಾರೆ. ನಲ್ಲಿಯ ಹತ್ತಿರ ಎಲ್ಲರೂ ನೀರು ಹಿಡೀತಿರ್ತಾರೆ, ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಲೋಟ, ಯಜಮಾನರು ಕೈಮುಗಿದು "ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಸ್ವಾಮಿ, ಅಣ್ತಮ್ಮಂದಿರ ಹಂಗೆ ಇದೀವಿ" ಅಂತಾರೆ. ಮಹಜರು ಬರೆದು ಹೋಗ್ತಾರೆ. ಬರೆದದ್ದರಲ್ಲಿ ಸುಳ್ಳೇನೂ ಇರಲ್ಲ, ಅವರು ಕಂಡದ್ದನ್ನೇ ಬರೆದಿರ್ತಾರೆ. ಬ್ರೇಕ್ ಒತ್ತಿ ನೋಡಿರಲ್ಲ ಅಷ್ಟೇ.

ಭಾಯ್ ಎದ್ದು ಬಂದರು. ಅವರ ಹತ್ತಿರ ಮೀಟರ್ ಇಲ್ಲ. ಒಂದು ಹೋಲ್ಡರಿನಲ್ಲಿ ಬಲ್ಬು, ಅದಕ್ಕೆರಡು ವೈರು, ತುದಿಯಲ್ಲಿ ಸೂಜಿ, ಅದೇ ಟೆಸ್ಟ್ ಲ್ಯಾಂಪು. ಹಿಂದಿನ ದೀಪದ ಗಾಜು ಬಿಚ್ಚಿ, ಒಂದು ವೈರನ್ನು ಡಿಕ್ಕಿಯೊಳಗಿನ ಬೋಲ್ಟು ಕೆರೆದು ಸಿಕ್ಕಿಸಿದರು. ಇನ್ನೊಂದನ್ನು ಇಂಡಿಕೇಟರಿಗೆ ಕರೆಂಟು ಬರೋ ಹಸಿರು ವೈರಿಗೆ ಮುಟ್ಟಿಸಿದರು. ಟೆಸ್ಟ್ ಲ್ಯಾಂಪು ಝಗ್ ಅಂತ ಹತ್ತಿತು. "ಬರೋದು ಬರ್ತಿದೆ" ಅಂದರು. ಅಂದರೆ ಫ್ಯೂಸ್, ಫ್ಲ್ಯಾಶರ್, ಸ್ವಿಚ್ಚು, ನಾನು ವಾರವೆಲ್ಲ ಒರೆಸಿದ್ದು, 850 ಕೊಟ್ಟಿದ್ದು, ಯಾವುದರಲ್ಲೂ ಏನೂ ತೊಂದರೆ ಇರಲಿಲ್ಲ.

ಆಮೇಲೆ ಒಂದು ಮೊಳ ವೈರ್ ತಗೊಂಡು ಒಂದು ತುದಿ ಅದೇ ಬೋಲ್ಟಿಗೆ, ಇನ್ನೊಂದು ತುದಿ ದೀಪದ ಲೋಹದ ಮೈಗೆ ಒತ್ತಿ ಹಿಡಿದು, "ಈಗ ಎಲ್ಲಾ ಹಾಕಿ" ಅಂದರು. ಹೆಡ್‌ಲೈಟ್ ಹಾಕಿದೆ, ಬ್ರೇಕ್ ಒತ್ತಿದೆ, ಬಲ ಇಂಡಿಕೇಟರ್ ಹಾಕಿದೆ. ಟಿಕ್, ಟಿಕ್, ಟಿಕ್. ಹಳದಿ ಬೆಳಕು ಎದುರಿನ ಗೋಡೆಗೆ ಬಡಿಯುತ್ತಿತ್ತು. ವೈರ್ ತೆಗೆದರು, ನಿಂತಿತು. ಇಟ್ಟರು, ಬಂತು.

"ಅರ್ತ್ ಇಲ್ಲ ಸಾರ್" ಅಂದರು.

ಅರ್ತ್ ಅಂದರೆ ಭೂಮಿ, ನಮ್ಮವರಿಗೆ ಇಲ್ಲದ್ದೇ ಅದು ಅಂತ ಭಾಷಣಕ್ಕೆ ಚೆನ್ನಾಗಿರುತ್ತೆ. ಆದರೆ ಇಲ್ಲಿ ಅದು ತಗಡಿನ ವಿಷಯ. ಕಾರಿನಲ್ಲಿ ದೀಪಕ್ಕೆ ಹೋಗೋದಕ್ಕೆ ಮಾತ್ರ ವೈರ್ ಇರುತ್ತೆ, ವಾಪಸ್ ಬ್ಯಾಟರಿಗೆ ಬರೋ ದಾರಿ ಕಾರಿನ ಮೈಯೇ. ದೀಪದ ಬುಡ ಮೈಗೆ ಕೂರುವಲ್ಲಿ ತುಕ್ಕು ಹಿಡಿದರೆ ವಾಪಸ್ ದಾರಿ ಕಿರಿದಾಗುತ್ತೆ. ಇಂಡಿಕೇಟರ್ ಒಂದೇ ಇದ್ದಾಗ ಹೇಗೋ ನುಸುಳಿಕೊಂಡು ಹೋಗುತ್ತೆ. ಟೈಲ್ ಲ್ಯಾಂಪಿನ 5 ವ್ಯಾಟು, ಬ್ರೇಕಿನ 21 ವ್ಯಾಟು ಎಲ್ಲಾ ಅದೇ ಕಿರಿದಾದ ದಾರಿಗೆ ಬಂದರೆ ಯಾರಿಗೂ ಸಾಲಲ್ಲ. ಒಂದರ ಕರೆಂಟು ಇನ್ನೊಂದರ ಬಲ್ಬಿನೊಳಗಿಂದ ದಾರಿ ಹುಡುಕುತ್ತೆ, ಅದಕ್ಕೇ ಕೆಂಪು ದೀಪವೂ ಮಿಣಮಿಣ ಅಂತಿದ್ದದ್ದು. ಹರಿಯೋ ಕರೆಂಟು ಕಮ್ಮಿಯಾದರೆ ಫ್ಲ್ಯಾಶರಿನ ಪಟ್ಟಿ ಕಾಯಲ್ಲ. ಪಟ್ಟಿ ಕಾಯದಿದ್ದರೆ ಮುಂದಿನ ದೀಪವೂ ಹತ್ತಿಕೊಂಡೇ ನಿಲ್ಲುತ್ತೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ನಿಂತರೆ, ಅಥವಾ ಇಂಡಿಕೇಟರ್ ಹಾಕಿದಾಗ ಟೈಲ್ ಲ್ಯಾಂಪ್ ಕುಣಿದರೆ, ಬೇರೆ ಏನನ್ನೂ ಮುಟ್ಟದೆ ಮೊದಲು ಅರ್ತ್ ನೋಡಿ. ಒಂದು ಮೊಳ ವೈರ್ ಸಾಕು.

ದೀಪವನ್ನು ಪೂರ್ತಿ ಹೊರಗೆ ತೆಗೆದಾಗ ಒಳಗೆ ನೀರು ನಿಂತ ಗುರುತು, ಕೆಂಪು ತುಕ್ಕು, ಪುಡಿಪುಡಿ. ದೀಪಕ್ಕೂ ಮೈಗೂ ಮಧ್ಯೆ ಇರಬೇಕಾದ ರಬ್ಬರಿನ ಜಾಗದಲ್ಲಿ ಕಪ್ಪಗೆ ಏನೋ ಒಣಗಿ ಸೀಳಿತ್ತು. ಭಾಯ್ ಅದನ್ನು ಬೆರಳಲ್ಲಿ ಎಳೆದರು, ಮುರಿಯಿತು. ಬೆಳಕಿಗೆ ಹಿಡಿದು ನೋಡಿ, "ಸೈಕಲ್ ಟ್ಯೂಬು. ಯಾರು ಹಾಕಿದ್ದು ಇದನ್ನ?" ಅಂದರು.

ಯಾರು ಹಾಕಿದ್ದು ಅಂತ ನನಗೆ ಗೊತ್ತಿತ್ತು. ನಾನೇ ಕತ್ತರಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.

1994. ನಾನು ಆಗ ಮಿಡ್ಲ್ ಸ್ಕೂಲು. ಅಪ್ಪ ಒಂದು ರಾತ್ರಿ ಸಾಹೇಬರನ್ನು ಟೂರಿನಿಂದ ತಂದುಬಿಟ್ಟು ತುಂಬಾ ಹೊತ್ತಾಗಿದ್ದರಿಂದ, ಬೆಳಿಗ್ಗೆ ಬೇಗ ಬಾ ಅಂತ ಸಾಹೇಬರೇ ಹೇಳಿದ್ದರಿಂದ, ಕಾರನ್ನು ನಮ್ಮೂರಿಗೆ ತಂದರು. ಊರೊಳಗಿನ ಬೀದಿ ದಾಟಿಕೊಂಡೇ ಕೇರಿಗೆ ಬರಬೇಕು. ಅಪ್ಪ ನಿಧಾನವಾಗಿ, ಮೊಣಕೈಯನ್ನು ಕಿಟಕಿಯ ಮೇಲಿಟ್ಟುಕೊಂಡು ಬಂದರು. ಡ್ರೈವರುಗಳೆಲ್ಲ ಹಾಗೇ ಕೂರೋದು. ಕೇರಿಗೆ ತಿರುಗುವಲ್ಲಿ ಕೈ ಹೊರಗೆ ಚಾಚಿ ತೋರಿಸಿದರು. ಇಂಡಿಕೇಟರ್ ಇದ್ದರೂ ಅಪ್ಪ ಯಾವಾಗಲೂ ಕೈಯನ್ನೂ ತೋರಿಸುತ್ತಿದ್ದರು. ಹಳೇ ಕಾಲದ ಡ್ರೈವಿಂಗು, ಲೈಸೆನ್ಸ್ ಟೆಸ್ಟಿನಲ್ಲಿ ಕೈಸನ್ನೆ ಮಾಡಿ ತೋರಿಸಿದವರು. ಅರಳಿಕಟ್ಟೆಯ ಮೇಲೆ ಕೂತಿದ್ದವರು ಅದನ್ನು ನೋಡಿದರು. ಯಾರ ಕಾರು ಅಂತ ಕೇಳಲಿಲ್ಲ, ಯಾರು ಕೂತಿದ್ದಾರೆ ಅನ್ನೋದು ಮುಖ್ಯ. "ನಮ್ ಮುಂದೆ ಕೈ ಬೀಸ್ಕೊಂಡ್ ಹೋಯ್ತಾನೆ" ಅಂದಿದ್ದು ಮಾರನೇ ದಿನ ಕಿವಿಗೆ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಬಲಗಡೆ ದೀಪ ಪುಡಿಯಾಗಿತ್ತು. ಕಲ್ಲು ಅಲ್ಲೇ ಬಿದ್ದಿತ್ತು. ಯಾರೂ ನೋಡಿರಲಿಲ್ಲ.

ಅಪ್ಪ ಕಂಪ್ಲೇಂಟ್ ಕೊಡಲಿಲ್ಲ. ದೌರ್ಜನ್ಯ ತಡೆ ಕಾಯ್ದೆ 1989ರದ್ದು, ಆಗಲೇ ಇತ್ತು, ಆದರೆ ನಮ್ಮ ಕೇರಿಯಲ್ಲಿ ಅದರ ಹೆಸರು ಕೇಳಿದವರು ಇರಲಿಲ್ಲ. ಕೇಳಿದ್ದರೂ ಅಪ್ಪ ಕೊಡುತ್ತಿದ್ದರಾ? ಸರ್ಕಾರಿ ಕಾರನ್ನು ಮನೆಗೆ ಯಾಕೆ ತಗೊಂಡು ಹೋದೆ ಅನ್ನೋ ಪ್ರಶ್ನೆ ಮೊದಲು ಬರುತ್ತಿತ್ತು. ಹೇಳಿದ್ದ ಸಾಹೇಬರೇ ಆಮೇಲೆ ಹೇಳಿಲ್ಲ ಅಂದರು. ಗುಜರಿಯಿಂದ ಒಂದು ದೀಪ ತಂದು ಅಪ್ಪನೇ ಜೋಡಿಸಿದರು, ದುಡ್ಡು ಸಂಬಳದ್ದು. ದೀಪ ಸಿಕ್ಕಿತು, ಅದರ ರಬ್ಬರು ಸಿಗಲಿಲ್ಲ. ನನ್ನ ಸೈಕಲ್ಲಿನ ಹಳೇ ಟ್ಯೂಬನ್ನು ಕತ್ತರಿಸಿ, ಅಳತೆ ನೋಡಿ ತೂತು ಮಾಡಿ ಕೂರಿಸಿದರು.

ಅಲ್ಲಿಂದ ಅಪ್ಪ ಕೈ ತೋರಿಸುವುದು ನಿಲ್ಲಿಸಿದರು. ಮೊಣಕೈಯೂ ಒಳಗೆ ಬಂತು. ಇಂಡಿಕೇಟರ್ ಮೇಲೇ ಪೂರ್ತಿ ನಂಬಿಕೆ. ದಿನಾ ಗಾಡಿ ತೆಗೆಯೋ ಮುಂಚೆ ನನ್ನನ್ನು ಹಿಂದೆ ನಿಲ್ಲಿಸಿಕೊಂಡು ಎಡ, ಬಲ, ಲೈಟು, ಬ್ರೇಕು, ಎಲ್ಲಾ ಒಟ್ಟಿಗೆ ಅಂತ ಕೂಗುತ್ತಿದ್ದರು. ನಾನು ಹತ್ತಿದೆ, ಹತ್ತಿದೆ ಅಂತ ಕೂಗಬೇಕು. ಸ್ಕೂಲಿಗೆ ಲೇಟಾಗುತ್ತೆ ಅಂತ ಎಷ್ಟೋ ಸಲ ನೋಡದೆಯೇ ಹತ್ತಿದೆ ಅಂದಿದ್ದೀನಿ. "ಎಲ್ಲಾ ಒಟ್ಟಿಗೆ" ಯಾಕೆ ಅಂತ ಅಪ್ಪನನ್ನು ಕೇಳಿರಲಿಲ್ಲ. ಆ ವಾರವೆಲ್ಲ ನಾನು ಹುಡುಕಿದ್ದು ಆ ಒಂದು ಪರೀಕ್ಷೆಯನ್ನೇ. 2018ರಲ್ಲಿ ಅಪ್ಪ ಹೋದ ಮೇಲೆ ನನ್ನ ಹಿಂದೆ ಯಾರೂ ನಿಂತಿರಲಿಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಚಾಳೀಸ್‌ಗಾಂವದ ಒಂದು ಘಟನೆ ಬರೆದಿದ್ದಾರೆ, 1929ರದ್ದು. ಬಾಂಬೆ ಸರ್ಕಾರದ ಸಮಿತಿಯ ಸದಸ್ಯರಾಗಿ ಆ ಕಡೆ ಹೋಗಿದ್ದಾಗ ಮಹಾರವಾಡದವರು ಅವರನ್ನು ಸ್ಟೇಷನ್ನಿನಿಂದ ಕರೆದುಕೊಂಡು ಹೋಗಲು ಟಾಂಗಾ ಗೊತ್ತು ಮಾಡೋಕೆ ನೋಡುತ್ತಾರೆ. ಮಹಾರರನ್ನು ಕೂರಿಸಿಕೊಂಡು ಓಡಿಸಲು ಯಾವ ಟಾಂಗಾವಾಲನೂ ಒಪ್ಪಲ್ಲ. ಗಾಡಿ ಬಾಡಿಗೆಗೆ ಕೊಡ್ತೀನಿ, ಓಡಿಸಲ್ಲ ಅಂತಾನೆ ಒಬ್ಬ. ಕೊನೆಗೆ ಅವರಲ್ಲೇ ಒಬ್ಬ ಓಡಿಸುತ್ತಾನೆ, ಅವನಿಗೆ ಟಾಂಗಾ ಓಡಿಸಿ ಅಭ್ಯಾಸವಿಲ್ಲ. ಮೋರಿಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಡುತ್ತಾರೆ, ಕುದುರೆ ಗಾಡಿ ಎರಡೂ ಹೊಳೆಗೆ ಬೀಳುತ್ತವೆ. ಕಾಲಿನ ಮೂಳೆ ಮುರಿಯಿತು. ಇದನ್ನು ಓದುವಾಗ ನನಗೆ ಯಾವಾಗಲೂ ಆ ಓಡಿಸಿದವನೇ ನೆನಪಾಗುತ್ತಾನೆ. ಅವನ ಹೆಸರು ಅಲ್ಲಿ ಇಲ್ಲ. ಕಲಿಯೋಕೆ ಯಾರೂ ಬಿಡದ ಕೆಲಸವನ್ನು, ಮರ್ಯಾದೆ ಉಳಿಸೋಕೆ ಅಂತ, ಅಂಥ ದಿನ ಕೈಗೆ ತಗೊಂಡವನು. ಆ ರಾತ್ರಿ ಅವನು ಹೇಗೆ ಮಲಗಿದನೋ. ಹೆದ್ದಾರಿಯ ತಿರುವಿನಲ್ಲಿ ಲಾರಿಯ ಬೆಳಕು ಮುಖಕ್ಕೆ ಬಿದ್ದಾಗ ನನಗೆ ಬಂದ ಮೊದಲ ಯೋಚನೆ ಹಿಂದೆ ಕೂತಿದ್ದ ಅವ್ವನದ್ದು, ಎರಡನೇದು ಅವನದ್ದು. ಸುಳ್ಳಲ್ಲ.

ಭಾಯ್‌ಗೆ ಸೈಕಲ್ ಟ್ಯೂಬಿನ ಕತೆ ಪೂರ್ತಿ ಹೇಳಲಿಲ್ಲ. ಅಪ್ಪ ಹಾಕಿದ್ದು ಅಂದೆ ಅಷ್ಟೇ. ಇದರಿಂದಲೇ ನೀರು ಇಳಿದಿರೋದು, ಅಪ್ಪ ಸರಿಯಾಗಿ ಮಾಡಿರಲಿಲ್ಲ ಅಂತ ನನಗೆ ಒಳಗೆ ಸ್ವಲ್ಪ ಅವಮಾನ. ಅವರು ಆ ಚೂರನ್ನು ತಿರುಗಿಸಿ ನೋಡಿ ನಕ್ಕರು. "ಅಳತೆ ನೋಡಿ ಸಾರ್. ಸ್ಕ್ರೂ ತೂತು ಕೂಡ ಕರೆಕ್ಟು. ಕಂಪನಿ ರಬ್ಬರು ಹಾಕಿದ್ರೂ ಇಷ್ಟು ವರ್ಷ ಬರ್ತಿರ್ಲಿಲ್ಲ. ಇದಾದ ಮೇಲೆ ಒಂದ್ಸಲನಾದ್ರೂ ಬಿಚ್ಚಿ ನೋಡ್ಬೇಕಿತ್ತು ಯಾರಾದ್ರೂ." ಆ ಯಾರಾದ್ರೂ ನಾನೇ.

ಕೆಲಸ ಒಂದು ಗಂಟೆಯದ್ದು. ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಎಮರಿ ಪೇಪರಿನಲ್ಲಿ ಬಿಳಿ ಲೋಹ ಕಾಣೋವರೆಗೂ ತಿಕ್ಕಿದರು. ಹೋಲ್ಡರಿನ ಒಳಗಿನ ಸ್ಪ್ರಿಂಗ್ ಸೊರಗಿತ್ತು, ಅದನ್ನೂ ಬದಲಾಯಿಸಿದರು. ದೀಪದ ಮೈಯಿಂದ ಡಿಕ್ಕಿಯೊಳಗಿನ ಬೋಲ್ಟಿಗೆ ಬೇರೆಯಾಗಿ ಒಂದು ಕಪ್ಪು ವೈರ್ ಎಳೆದು, ತಿಂಬಲ್ ಹಾಕಿ ಬಿಗಿದರು. ಇನ್ನು ಮುಂದೆ ತುಕ್ಕು ಹಿಡಿದರೂ ವಾಪಸ್ ದಾರಿ ಇರುತ್ತೆ. ಕೂಡುವಲ್ಲಿ ಗ್ರೀಸ್ ಸವರಿದರು. ಎಡಗಡೆಗೂ ಹಾಗೇ ಮಾಡಿ ಅಂದೆ, ಮಾಡಿದರು. ರಬ್ಬರು ಈಗಲೂ ಸಿಗಲ್ಲ. ಅವರ ಹುಡುಗ ಹೋಗಿ ಪಕ್ಕದ ಪಂಕ್ಚರ್ ಅಂಗಡಿಯಿಂದ ಟ್ಯೂಬ್ ಚೂರು ತಂದ. ಈ ಸಲ ಕತ್ತರಿ ಹಿಡಿದವನು ನಾನೇ. ಒಟ್ಟು 340 ರೂಪಾಯಿ, ಟೀ ಅವರದ್ದು.

ಮುಂದಿನ ತಾರೀಕು ಹೋದ ಮಂಗಳವಾರ ಇತ್ತು. ಬೆಳಿಗ್ಗೆ ಹೊರಡೋ ಮುಂಚೆ ಮಗಳನ್ನು ಕಾರಿನ ಹಿಂದೆ ನಿಲ್ಲಿಸಿದೆ. ಎಡ, ಬಲ, ಲೈಟು, ಬ್ರೇಕು, ಎಲ್ಲಾ ಒಟ್ಟಿಗೆ. ಅವಳೂ ನನ್ನ ಹಾಗೇ ನೋಡದೆ ಹತ್ತಿದೆ ಅಂದಳು. ಇಳಿದು ಹೋಗಿ ಬೈದು ಮತ್ತೆ ನೋಡಿಸಿದೆ. "ಹತ್ತಿ ಆರ್ತಿದೆ ಅಪ್ಪಾ, ನಿಜವಾಗ್ಲೂ" ಅಂದಳು.

ಅವ್ವ ಅವತ್ತು ಮಧ್ಯಾಹ್ನ ಮೂರರವರೆಗೂ ಕಟಕಟೆಯಲ್ಲಿ ನಿಂತಳು. ಕತ್ತಲಲ್ಲಿ ಹೇಗೆ ಗುರುತು ಹಿಡಿದಿರಿ ಅಂತ ಮತ್ತೆ ಕೇಳಿದರು. "ಅಂವ ಹುಟ್ಟಿದ ದಿನದಿಂದ ನೋಡಿವ್ನಿ ಸ್ವಾಮಿ, ನಡೆಯ ಸದ್ದೇ ಗೊತ್ತು" ಅಂದಳು. ಅದು ದಾಖಲಾಯಿತು. ಏನಾಗುತ್ತೋ ತೀರ್ಪಿನ ದಿನ ನೋಡೋಣ.

ವಾಪಸ್ ಬರುವಾಗ ಅದೇ ತಿರುವು, ಅದೇ ಕತ್ತಲು. ಹಿಂದೆ ಒಂದು ಲಾರಿ ಇತ್ತು, ಅದೇ ಅಲ್ಲ, ಬೇರೆ. ದೂರದಿಂದಲೇ ಬಲ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದೆ. ಕನ್ನಡಿಯಲ್ಲಿ ಲಾರಿಯ ಬೆಳಕು ಹಿಂದಕ್ಕೆ ಸರಿಯಿತು. ಆದರೂ ಕಿಟಕಿ ಇಳಿಸಿ ಬಲಗೈಯನ್ನು ಪೂರ್ತಿ ಹೊರಗೆ ಚಾಚಿದೆ.

"ಯಾರ್ಗ ಕೈ ಮಾಡ್ತಿದ್ದೀಯ ಕೂಸು?" ಅಂದಳು ಅವ್ವ.

"ಲಾರಿಯವ್ನಿಗೆ ಕಣವ್ವ, ಬಲಕ್ಕೆ ಹೋಯ್ತಿದೀವಿ ಅಂತ."

ಮುಂದಿನ ತಾರೀಕು 22ಕ್ಕೆ. ಅವತ್ತು ಬರೋಕೆ ಬಿಡುವಿರೋ ಸಂಗಾತಿಗಳು ಇನ್‌ಬಾಕ್ಸಿಗೆ ಹೇಳಿ, ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ. ಜೈ ಭೀಮ್.